ಹಾಲು, ಹೊತ್ತು ಮತ್ತು ಸಹಕಾರ: ಒಂದು ಚಾರಿತ್ರಿಕ ನೋಟ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಚರಿತ್ರೆಯ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿದ್ದಾರೆ. ಕಟ್ಟಡ ಯಾವಾಗ ಆಯಿತು, ಅಧ್ಯಕ್ಷರಾಗಿ ಯಾರ್ಯಾರು ದುಡಿದರು, ಬೋನಸ್ ಎಷ್ಟು ಹಂಚಿದೆವು ಎಂಬುದೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬಂದೇ ಇದೆ. ಅದನ್ನೇ ಮತ್ತೆ ಬರೆದು ಪುಟ ತುಂಬಿಸುವುದು ನಮಗೆ ಸರಿಕಾಣಲಿಲ್ಲ. ಆದ್ದರಿಂದ ನಾವು ಇಲ್ಲಿ ಬರೆಯಹೊರಟಿರುವುದು ಹೊತ್ತಿನ ಚರಿತ್ರೆ. ಅಂದರೆ ಹಾಲು ಯಾವ ಹೊತ್ತಿಗೆ ಹುಟ್ಟುತ್ತದೆ, ಯಾವ ಹೊತ್ತಿಗೆ ಹೊರಡಬೇಕು, ಯಾವ ಹೊತ್ತಿಗೆ ತಲುಪಬೇಕು, ಹೊತ್ತು ತಪ್ಪಿದರೆ ಅದರ ನಷ್ಟ ಯಾರ ತಲೆಗೆ ಬರುತ್ತದೆ ಎಂಬ ಚರಿತ್ರೆ. ನಮ್ಮ ತಿಳಿವಳಿಕೆಯಲ್ಲಿ ಹಾಲಿನ ಸಹಕಾರ ಚಳವಳಿ ಹುಟ್ಟಿದ್ದೇ ಈ ಕೊನೆಯ ಪ್ರಶ್ನೆಯಿಂದ.

ಕೆಚ್ಚಲಿಗೆ ರಜೆಯಿಲ್ಲ

ಬೇರೆ ಕಾರ್ಖಾನೆಗಳ ಸಂಗತಿ ಬೇರೆ. ಬಟ್ಟೆ ಗಿರಣಿಯಲ್ಲಿ ಮಾಲು ಖರ್ಚಾಗದಿದ್ದರೆ ಎರಡು ದಿವಸ ಮಗ್ಗ ನಿಲ್ಲಿಸಬಹುದು. ಹೆಂಚಿನ ಕಾರ್ಖಾನೆಯವನು ಬೇಡಿಕೆ ನೋಡಿಕೊಂಡು ಒಂದು ಗೂಡು ಸುಡಬಹುದು, ಸುಡದೆಯೂ ಇರಬಹುದು. ರಾಗಿ ಬೆಳೆದವನಿಗೆ ಕಣಜವಿದೆ. 'ಗಾಳಿ ಬಂದಾಗ ತೂರಿಕೋ' ಎನ್ನುವ ಗಾದೆ ಅವರಿಗೆಲ್ಲ ಸರಿಹೊಂದುತ್ತದೆ. ಆದರೆ ಹಾಲಿನವನು ಗಾಳಿಗೆ ಕಾಯುವ ಹಂಗಿಲ್ಲ. ಬೆಳಿಗ್ಗೆ ಕರೆಯಬೇಕು, ಸಾಯಂಕಾಲ ಕರೆಯಬೇಕು. ಯುಗಾದಿಯಾಗಲಿ, ಊರಹಬ್ಬವಾಗಲಿ, ಮನೆಯಲ್ಲಿ ಸಾವಾಗಿರಲಿ, ಕೆಚ್ಚಲಿಗೆ ರಜೆ ಎಂಬುದಿಲ್ಲ. ಕರೆಯದೆ ಬಿಟ್ಟರೆ ಹಸುವಿಗೆ ಕೆಚ್ಚಲು ಬಾವು. ಕರೆದು ಇಟ್ಟುಕೊಂಡರೆ ಹಾಲಿಗೆ ಹುಳಿ.

ಕೆಚ್ಚಲಿನಿಂದ ಇಳಿಯುವಾಗ ಹಾಲು ಹಸುವಿನ ಮೈಬಿಸಿಯಲ್ಲೇ ಇರುತ್ತದೆ. ಹೊಸ ಹಾಲಿಗೆ ತನ್ನದೇ ಆದ ಒಂದಿಷ್ಟು ತಡೆಶಕ್ತಿಯುಂಟು, ಆದರೆ ಅದು ಕೆಲವೇ ಗಂಟೆಗಳ ಮಾತು. ಆಮೇಲೆ ಬೆಚ್ಚಗಿನ ಹಾಲಿನಲ್ಲಿ ಕಣ್ಣಿಗೆ ಕಾಣದ ಅಣುಜೀವಿಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲವು. ಲೆಕ್ಕ ಹಾಕಿ ನೋಡಿ: ಒಂದು ಎರಡಾಗಿ, ಎರಡು ನಾಲ್ಕಾಗಿ ಹೋದರೆ ನಾಲ್ಕು ಗಂಟೆಯಲ್ಲಿ ಒಂದು 256 ಆಗುತ್ತದೆ. ಅದೇ ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಈ ಬೆಳವಣಿಗೆ ಬಹುಮಟ್ಟಿಗೆ ತಡೆಹಿಡಿದಂತಾಗುತ್ತದೆ. ಆದ್ದರಿಂದ ಕರೆದ ಹೊತ್ತಿಗೂ ತಂಪಾಗುವ ಹೊತ್ತಿಗೂ ನಡುವೆ ಇರುವ ಅಂತರವೇ ಹಾಲಿನ ಆಯುಷ್ಯವನ್ನು ತೀರ್ಮಾನಿಸುತ್ತದೆ.

ದಿನದ ಗಡಿಯಾರ ಇದಾದರೆ, ವರ್ಷದ ಗಡಿಯಾರ ಇನ್ನೊಂದು ಇದೆ. ಹಸು ಗಬ್ಬ ಧರಿಸಿ ಕರು ಹಾಕಲು ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ. ಅಂದರೆ ಈ ದಿವಸ ಬರುವ ಹಾಲಿನ ತೀರ್ಮಾನ ಒಂಬತ್ತು ಹತ್ತು ತಿಂಗಳ ಹಿಂದೆಯೇ ಆಗಿರುತ್ತದೆ. ಪಟ್ಟಣದಲ್ಲಿ ಈ ವಾರ ಮದುವೆ ಜಾಸ್ತಿ ಇದೆ, ಹಾಲು ಹೆಚ್ಚು ಬೇಕು ಎಂದರೆ ಹಸು ಕೇಳುವುದಿಲ್ಲ. ಈ ವಾರ ಬೇಡ ಎಂದರೂ ಕೇಳುವುದಿಲ್ಲ. ಹುಟ್ಟುವ ಹಾಲಿಗೂ ಬೇಕಾದ ಹಾಲಿಗೂ ಹೊಂದಾಣಿಕೆ ತಪ್ಪುವುದು ಹೀಗೆ. ಈ ತಪ್ಪಿದ ಹೊಂದಾಣಿಕೆಯ ಭಾರವನ್ನು ಹೊರುವವರು ಯಾರು? ಸಹಕಾರ ಬರುವ ಮೊದಲು ಇದಕ್ಕೆ ಒಂದೇ ಉತ್ತರವಿತ್ತು: ರೈತ.

ಆನಂದ್‌ನಿಂದ ಮುಂಬಯಿಗೆ

ಈ ಮಾತಿಗೆ ಆಧಾರ ಬೇಕೆಂದರೆ ಗುಜರಾತಿನ ಖೇಡಾ ಜಿಲ್ಲೆಗೆ ಹೋಗಬೇಕು. 1945ರಲ್ಲಿ ಆಗಿನ ಮುಂಬಯಿ ಸರ್ಕಾರವು ನಗರದ ಜನರಿಗೆ ಒಳ್ಳೆಯ ಹಾಲು ಒದಗಿಸಬೇಕೆಂದು ಮುಂಬಯಿ ಹಾಲು ಯೋಜನೆಯನ್ನು ಆರಂಭಿಸಿತು. ಹಾಲು ಬರಬೇಕಾದದ್ದು ಖೇಡಾ ಜಿಲ್ಲೆಯ ಆನಂದ್‌ನಿಂದ. ಅಲ್ಲಿಂದ ಮುಂಬಯಿಗೆ ರೈಲು ದಾರಿ ನಾನೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಹಾಲು ಹೋಗಬೇಕಾದರೆ ಮೊದಲು ಅದನ್ನು ಪಾಶ್ಚೀಕರಿಸಬೇಕು, ಅಂದರೆ ಹದವಾಗಿ ಕಾಯಿಸಿ ಕೂಡಲೇ ತಣ್ಣಗೆ ಮಾಡಬೇಕು. ಆ ಯಂತ್ರ ಆನಂದ್‌ನಲ್ಲಿ ಪೋಲ್ಸನ್ ಕಂಪನಿಯ ಬಳಿ ಇತ್ತು. ಸರ್ಕಾರ ಆ ಕಂಪನಿಗೇ ಹಾಲು ಪೂರೈಕೆಯ ಒಪ್ಪಂದ ಕೊಟ್ಟಿತು.

ಮುಂಬಯಿಯಲ್ಲಿ ಕೊಳ್ಳುವವರು ಇದ್ದರು, ನಡುವೆ ರೈಲು ಇತ್ತು, ಆನಂದ್‌ನಲ್ಲಿ ಯಂತ್ರ ಇತ್ತು. ಆದರೆ ಹಳ್ಳಿಯಲ್ಲಿ ರೈತನ ಬಾಗಿಲಿಗೆ ಬರುತ್ತಿದ್ದವನು ದಲ್ಲಾಳಿ. ಹಾಲು ಕೊಳ್ಳುವ ಹೊತ್ತು ಅವನದು, ಅಳತೆ ಅವನದು, ದರವೂ ಅವನದು. ಇಂದು ಬೇಡ ಎಂದು ಅವನು ಹೋಗಿಬಿಟ್ಟರೆ ರೈತ ಆ ಹಾಲನ್ನು ನಾಳೆ ಮಾರುವಂತಿಲ್ಲ. ಕೊಟ್ಟಷ್ಟಕ್ಕೆ ಕೊಡಬೇಕು, ಇಲ್ಲವೇ ಕಾಯಿಸಿ ತುಪ್ಪ ಮಾಡಬೇಕು. ಹೊತ್ತು ಕೈಯಲ್ಲಿಲ್ಲದವನಿಗೆ ದರವೂ ಕೈಯಲ್ಲಿರುವುದಿಲ್ಲ ಎಂಬುದನ್ನು ಖೇಡಾ ರೈತರು ಅನುಭವಿಸಿ ಕಲಿತರು.

ಅವರು ಸರ್ದಾರ್ ವಲ್ಲಭಭಾಯಿ ಪಟೇಲರ ಬಳಿ ಹೋದಾಗ, ನಿಮ್ಮದೇ ಸಹಕಾರ ಸಂಘ ಕಟ್ಟಿ, ನಿಮ್ಮದೇ ಯಂತ್ರ ಹೂಡಿ ಎಂದು ಸರ್ದಾರರು ಸಲಹೆ ಕೊಟ್ಟರು. 1946ರ ಜನವರಿ 4ರಂದು ಸಮರಖಾ ಎಂಬ ಹಳ್ಳಿಯಲ್ಲಿ ಮೊರಾರ್ಜಿ ದೇಸಾಯಿಯವರ ಸಮ್ಮುಖದಲ್ಲಿ ಸಭೆ ಸೇರಿತು. ಹಳ್ಳಿಹಳ್ಳಿಗೂ ಸಂಘ ಕಟ್ಟಬೇಕು, ಅವೆಲ್ಲ ಸೇರಿ ಒಂದು ಒಕ್ಕೂಟವಾಗಬೇಕು, ಸರ್ಕಾರ ಹಾಲನ್ನು ಒಕ್ಕೂಟದಿಂದಲೇ ಕೊಳ್ಳಬೇಕು, ಇಲ್ಲದಿದ್ದರೆ ಹಾಲು ಕೊಡುವುದಿಲ್ಲ ಎಂದು ನಿರ್ಣಯವಾಯಿತು. ಹದಿನೈದು ದಿವಸ ರೈತರು ದಲ್ಲಾಳಿಗಳಿಗೆ ಹಾಲು ಹಾಕಲಿಲ್ಲ. ಕೆಚ್ಚಲು ನಿಲ್ಲುವುದಿಲ್ಲವೆಂದು ಮೇಲೆ ಹೇಳಿದೆವಲ್ಲ, ಆ ಹದಿನೈದು ದಿವಸವೂ ಎಮ್ಮೆಗಳು ಹಾಲು ಕೊಡುತ್ತಲೇ ಇದ್ದವು. ಹಾಗಿದ್ದೂ ರೈತರು ಹಿಡಿದ ಹಟ ಬಿಡಲಿಲ್ಲ ಎಂಬುದನ್ನು ಹೈನುಗಾರರಾದ ನಾವು ಬೇರೆಯವರಿಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲೆವು.

1946ರ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾಯಿತು. ತ್ರಿಭುವನದಾಸ್ ಪಟೇಲರು ಅದರ ಅಧ್ಯಕ್ಷರು. 1948ರ ಜೂನ್ ತಿಂಗಳಲ್ಲಿ ಒಕ್ಕೂಟ ತಾನೇ ಹಾಲನ್ನು ಪಾಶ್ಚೀಕರಿಸಿ ಮುಂಬಯಿಗೆ ಕಳುಹಿಸತೊಡಗಿತು. ಆಗ ಇದ್ದದ್ದು ಎರಡೇ ಹಳ್ಳಿ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ಇಂದು ನಮ್ಮ ತಾಲ್ಲೂಕಿನ ಒಂದು ಸಾಧಾರಣ ಸಂಘವೂ ಅಷ್ಟು ಹಾಲನ್ನು ಲೆಕ್ಕಕ್ಕೆ ಇಡುವುದಿಲ್ಲ. 1949ರ ಮೇ 13ರಂದು ವರ್ಗೀಸ್ ಕುರಿಯನ್ ಎಂಬ ತರುಣ ಎಂಜಿನಿಯರು ಸರ್ಕಾರಿ ಕೆಲಸದ ಮೇಲೆ ಆನಂದ್‌ಗೆ ಬಂದಿಳಿದರು. ಬಂದವರು ಅಲ್ಲೇ ನಿಂತರು.

ಚಳಿಗಾಲದ ಹಾಲು

ಒಕ್ಕೂಟವಾಯಿತು, ಯಂತ್ರವಾಯಿತು, ರೈಲಿಗೆ ಹಾಲು ಹೋಯಿತು. ಇನ್ನೇನು ಕಷ್ಟ ತೀರಿತು ಎನ್ನುವಷ್ಟರಲ್ಲಿ ವರ್ಷದ ಗಡಿಯಾರ ಎದುರು ನಿಂತಿತು. ಖೇಡಾ ಎಮ್ಮೆಗಳ ನಾಡು. ಎಮ್ಮೆ ಹೆಚ್ಚಾಗಿ ಬೆದೆಗೆ ಬರುವುದು ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ. ಹತ್ತು ತಿಂಗಳು ಎಣಿಸಿದರೆ ಕರು ಹಾಕುವುದು ಮಳೆಗಾಲದಿಂದ ಚಳಿಗಾಲದ ಆರಂಭದವರೆಗೆ. ಹೀಗಾಗಿ ಚಳಿಗಾಲದಲ್ಲಿ ಹಾಲಿನ ಹೊಳೆ, ಬೇಸಿಗೆಯಲ್ಲಿ ಬರ. ಆದರೆ ಮುಂಬಯಿಯ ಮಕ್ಕಳು ಚಳಿಗಾಲದಲ್ಲಿ ಎರಡು ಲೋಟ, ಬೇಸಿಗೆಯಲ್ಲಿ ಅರ್ಧ ಲೋಟ ಕುಡಿಯುವುದಿಲ್ಲವಲ್ಲ. ಚಳಿಗಾಲ ಬಂದರೆ ಮುಂಬಯಿ ಯೋಜನೆ ಇಷ್ಟೇ ಹಾಲು ಸಾಕು ಎನ್ನುತ್ತಿತ್ತು. ಮಿಕ್ಕ ಹಾಲು ಒಕ್ಕೂಟದ ತಲೆಯ ಮೇಲೆ. ಒಕ್ಕೂಟವೂ ಬೇಡ ಎಂದರೆ ಅದು ಮತ್ತೆ ರೈತನ ತಲೆಯ ಮೇಲೆ.

ಇಲ್ಲಿ ಒಕ್ಕೂಟದ ಮುಂದೆ ಎರಡು ದಾರಿ ಇತ್ತು. ಚಳಿಗಾಲದಲ್ಲಿ ಸದಸ್ಯರಿಂದ ಅರ್ಧ ಹಾಲು ಮಾತ್ರ ಕೊಳ್ಳುವುದು ಸುಲಭದ ದಾರಿ, ಆದರೆ ಹಾಗೆ ಮಾಡಿದರೆ ದಲ್ಲಾಳಿಗೂ ಒಕ್ಕೂಟಕ್ಕೂ ವ್ಯತ್ಯಾಸವೇನು? ಅವರು ಹಿಡಿದದ್ದು ಎರಡನೆಯ ದಾರಿ: ಸದಸ್ಯ ತಂದ ಹಾಲನ್ನೆಲ್ಲ ಕೊಳ್ಳುವುದು, ಮಿಕ್ಕದ್ದನ್ನು ಕೆಡದ ವಸ್ತುವಾಗಿ ಮಾಡಿ ಇಡುವುದು. ಅದಕ್ಕೆ ಬೆಣ್ಣೆ ಮತ್ತು ಹಾಲಿನ ಪುಡಿಯ ಕಾರ್ಖಾನೆ ಬೇಕಾಯಿತು. ಹಸುವಿನ ಹಾಲಿನಿಂದ ಪುಡಿ ಮಾಡುವುದು ಪರದೇಶಗಳಲ್ಲಿ ರೂಢಿಯಲ್ಲಿತ್ತು, ಎಮ್ಮೆ ಹಾಲಿನಿಂದ ಆಗದು ಎಂದು ಅಲ್ಲಿನ ತಜ್ಞರು ಹೇಳುತ್ತಿದ್ದರು. ಕುರಿಯನ್ನರ ಜೊತೆಗಾರರಾದ ಎಚ್.ಎಂ. ದಲಾಯಾ ಅವರು ಆಗುತ್ತದೆ ಎಂದು ಮಾಡಿ ತೋರಿಸಿದರು. ಹಾಲನ್ನು ಮೊದಲು ಗಟ್ಟಿಯಾಗಿಸಿ, ಮಂಜಿನಂತೆ ಬಿಸಿಗಾಳಿಗೆ ಸಿಡಿಸಿದರೆ ನೀರು ಆರಿ ಪುಡಿ ಕೆಳಗೆ ಉದುರುತ್ತದೆ. 1954ರ ನವೆಂಬರ್ 15ರಂದು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಕಾರ್ಖಾನೆಗೆ ಅಡಿಗಲ್ಲು ಇಟ್ಟರು. ಒಂದು ವರ್ಷ ತುಂಬುವುದರೊಳಗೆ, 1955ರ ಅಕ್ಟೋಬರ್ 31ರಂದು, ಸರ್ದಾರರ ಹುಟ್ಟುಹಬ್ಬದ ದಿವಸ, ಪ್ರಧಾನಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ದಿನಾಂಕವನ್ನು ಗಮನಿಸಿ. ಚಳಿಗಾಲದ ಹಾಲು ಏರುವುದಕ್ಕೆ ಮೊದಲೇ ಯಂತ್ರ ಸಿದ್ಧವಾಗಿತ್ತು. ಉದ್ಘಾಟನೆ ಮೂರು ತಿಂಗಳು ತಡವಾಗಿದ್ದರೆ ಇನ್ನೊಂದು ಚಳಿಗಾಲದ ಹಾಲು ರೈತನಿಗೆ ಭಾರವಾಗುತ್ತಿತ್ತು.

ನಾವೆಲ್ಲ ಅಮುಲ್ ಎಂದರೆ ಬೆಣ್ಣೆಯ ಪೊಟ್ಟಣ ಎಂದುಕೊಂಡಿದ್ದೇವೆ. ಆ ಬೆಣ್ಣೆ ಆ ಪುಡಿ ಹುಟ್ಟಿದ್ದು ಚಳಿಗಾಲದ ಹಾಲಿಗೆ ದಾರಿ ಮಾಡಿಕೊಡುವುದಕ್ಕೆ. ತ್ರಿಭುವನದಾಸ್ ಪಟೇಲ್, ಕುರಿಯನ್ ಮತ್ತು ಮುಂಬಯಿ ಹಾಲು ಯೋಜನೆಯ ದಾರಾ ಖುರೋಡಿ, ಈ ಮೂವರಿಗೂ 1963ರಲ್ಲಿ ಒಟ್ಟಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಹಾಲು ಹುಟ್ಟಿಸುವ ಕಡೆಯವರಿಗೂ ಹಾಲು ಹಂಚುವ ಕಡೆಯವರಿಗೂ ಒಂದೇ ಪ್ರಶಸ್ತಿ. ಇದು ಸರಿಯಾದದ್ದೇ ಎಂದು ನಮ್ಮ ಅನಿಸಿಕೆ.

ಬೇಸಿಗೆಗೆ ಕೂಡಿಟ್ಟ ಹಾಲು

1964ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆನಂದ್ ಬಳಿಯ ಅಜರಪುರ ಎಂಬ ಹಳ್ಳಿಯಲ್ಲಿ ಒಂದು ರಾತ್ರಿ ತಂಗಿ ರೈತರ ಜೊತೆ ಮಾತಾಡಿದರು. ಮಾರನೆಯ ದಿನ ಕಂಜರಿಯಲ್ಲಿ ಪಶು ಆಹಾರದ ಕಾರ್ಖಾನೆ ಉದ್ಘಾಟಿಸಿದರು. ಪಶು ಆಹಾರವೂ ಹೊತ್ತಿನ ಲೆಕ್ಕದ ಒಂದು ಭಾಗವೇ. ಹಸಿಮೇವು ಒಣಗಿದ ಬೇಸಿಗೆಯಲ್ಲಿ ಹಾಲು ಪೂರಾ ಬತ್ತದಂತೆ ನೋಡಿಕೊಳ್ಳುವುದು ಹಿಂಡಿ ಬೂಸಾದ ಕೆಲಸ. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಆನಂದ್‌ನಲ್ಲೇ ಸ್ಥಾಪನೆಯಾಯಿತು.

1970ರಲ್ಲಿ 'ಆಪರೇಷನ್ ಫ್ಲಡ್', ನಮ್ಮ ಮಾತಿನಲ್ಲಿ ಕ್ಷೀರಕ್ರಾಂತಿ, ಆರಂಭವಾಯಿತು. ಮೊದಲ ಹಂತದಲ್ಲಿ ಹಾಲು ಹುಟ್ಟುವ 18 ಪ್ರದೇಶಗಳನ್ನು ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು ಎಂಬ ನಾಲ್ಕು ಮಹಾನಗರಗಳಿಗೆ ಜೋಡಿಸಿದರು. ಯೂರೋಪಿನ ದೇಶಗಳಲ್ಲಿ ಹಾಲು ಮಿಕ್ಕಿ ಪುಡಿಯೂ ಬೆಣ್ಣೆಯೂ ರಾಶಿ ಬಿದ್ದಿತ್ತು. ಅದನ್ನು ದಾನವಾಗಿ ಪಡೆದು, ಪುಕ್ಕಟೆ ಹಂಚದೆ, ನಗರಗಳ ಡೇರಿಗಳಲ್ಲಿ ಹಾಲಾಗಿ ಮಾಡಿ ಮಾರಿ, ಬಂದ ಹಣದಲ್ಲಿ ಹಳ್ಳಿ ಸಂಘ, ಶೀತಲ ಕೇಂದ್ರ, ಟ್ಯಾಂಕರು, ಡೇರಿ ಕಟ್ಟಿದರು. ಪುಕ್ಕಟೆ ಹಂಚಿದ್ದರೆ ನಮ್ಮ ರೈತನ ಹಾಲಿಗೆ ಬೆಲೆಯೇ ಇರುತ್ತಿರಲಿಲ್ಲ.

ಇಲ್ಲಿಯೂ ಮುಖ್ಯವಾದದ್ದು ಹೊತ್ತನ್ನು ಹಿಗ್ಗಿಸುವ ಉಪಾಯ. ಚಳಿಗಾಲದ ಪುಡಿ ಬೇಸಿಗೆಯಲ್ಲಿ ನೀರು ಬೆಣ್ಣೆ ಸೇರಿ ಮತ್ತೆ ಹಾಲಾಗುತ್ತದೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಒಂದು ಕಿಲೋ ಕೆನೆರಹಿತ ಪುಡಿಗೆ ಸುಮಾರು ಹನ್ನೊಂದು ಲೀಟರ್ ಕೆನೆ ತೆಗೆದ ಹಾಲು ಬೇಕು. ಕಣಜವಿಲ್ಲದ ಹಾಲಿಗೆ ಈ ಪುಡಿ ಕಣಜವಾಯಿತು. ಒಂದು ಕಡೆ ಮಿಕ್ಕ ಹಾಲು ಇನ್ನೊಂದು ಕಡೆಯ ಕೊರತೆಗೆ ರೈಲು, ಟ್ಯಾಂಕರುಗಳಲ್ಲಿ ಹೋಗುವ ಏರ್ಪಾಡೂ ಆಯಿತು. ಇದನ್ನೇ ರಾಷ್ಟ್ರೀಯ ಹಾಲು ಜಾಲ ಎಂದು ಕರೆದರು. 1996ರವರೆಗೆ ಮೂರು ಹಂತಗಳಲ್ಲಿ ಕ್ಷೀರಕ್ರಾಂತಿ ನಡೆಯಿತು. 1950-51ರಲ್ಲಿ ದೇಶದ ಹಾಲಿನ ಉತ್ಪಾದನೆ ವರ್ಷಕ್ಕೆ 1 ಕೋಟಿ 70 ಲಕ್ಷ ಟನ್ ಇತ್ತು. 1998ರಲ್ಲಿ ಭಾರತ ಅಮೆರಿಕವನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಮೊದಲನೆಯದಾಯಿತು. 2022-23ರಲ್ಲಿ 23 ಕೋಟಿ ಟನ್ ದಾಟಿತು.

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲಿ ಹೈನು ಸಹಕಾರ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಮೊಳಕೆಯೊಡೆಯಿತು. 1965ರಲ್ಲಿ ಬೆಂಗಳೂರು ಡೇರಿ ಆಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿ, ಆನಂದ್ ಮಾದರಿಯಲ್ಲಿ ಹಳ್ಳಿಗೆ ಸಂಘ, ಜಿಲ್ಲೆಗೆ ಒಕ್ಕೂಟ ಕಟ್ಟುವ ಕೆಲಸ ಶುರುವಾಯಿತು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ನಂದಿನಿ ಎಂದರೆ ಇಂದು ಮನೆಮನೆಗೂ ಗೊತ್ತು.

ನಮ್ಮಲ್ಲಿ ಸೀಮೆಹಸುಗಳೇ ಹೆಚ್ಚಾದ್ದರಿಂದ ಖೇಡಾ ಎಮ್ಮೆಗಳಷ್ಟು ಏರಿಳಿತ ಇಲ್ಲ. ಆದರೂ ಮಳೆ ಬಿದ್ದು ಹಸಿಮೇವು ಚಿಗುರಿದರೆ ಹಾಲು ಏರುತ್ತದೆ, ಶಿವರಾತ್ರಿ ಕಳೆದು ಬಿಸಿಲು ಏರಿದರೆ ಹಾಲು ಇಳಿಯುತ್ತದೆ. ಏರಿದ ಹಾಲನ್ನು ಏನು ಮಾಡಬೇಕೆಂಬ ಪ್ರಶ್ನೆ ನಮ್ಮ ಮಹಾಮಂಡಳಕ್ಕೂ ತಪ್ಪಿಲ್ಲ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಆರಂಭವಾಗಿ ಶಾಲಾ ಮಕ್ಕಳಿಗೆ ಹಾಲು ಕೊಡತೊಡಗಿದಾಗ, ಮಕ್ಕಳಿಗೆ ಪೌಷ್ಟಿಕ ಆಹಾರ ದೊರೆತಂತೆಯೇ ಮಿಕ್ಕ ಹಾಲಿನ ಪುಡಿಗೂ ಒಂದು ದಾರಿಯಾಯಿತು. 2024ರ ಜೂನ್ ಕೊನೆಯಲ್ಲಿ ಮಹಾಮಂಡಳದ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರಿನ ಹತ್ತಿರ ಬಂದಾಗ, ಪ್ರತಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚು ತುಂಬಿ ಬೆಲೆಯನ್ನು 2 ರೂಪಾಯಿ ಏರಿಸಿದರು. ಪಟ್ಟಣದವರು ಬೆಲೆ ಏರಿತು ಎಂದು ಮಾತಾಡಿಕೊಂಡರು. ನಮಗೆ ಕಂಡದ್ದು ಬೇರೆ: ರೈತನಿಗೆ ಬೇಡ ಎನ್ನದೆ, ಏರಿದ ಹಾಲನ್ನು ಲಕ್ಷಾಂತರ ಮನೆಗಳಿಗೆ ಚಮಚ ಚಮಚವಾಗಿ ಹಂಚಿದ ಲೆಕ್ಕ ಅದು. 2025ರ ಏಪ್ರಿಲ್‌ನಲ್ಲಿ ಆ ಹೆಚ್ಚುವರಿ ಅಳತೆಯನ್ನು ತೆಗೆದರು.

ಡೇರಿಯ ಒಳಗಿನ ಲೆಕ್ಕ

ನಮ್ಮ ಅನೇಕ ಸದಸ್ಯರು ಡೇರಿ ಕಾರ್ಖಾನೆಯ ಒಳಗೆ ಹೋಗಿಲ್ಲವಾದ್ದರಿಂದ ಎರಡು ಮಾತು ಹೇಳುವುದು ಉಚಿತ. ಅಲ್ಲಿಗೆ ಬಂದ ಹಾಲನ್ನು ಪರೀಕ್ಷಿಸಿ, 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿ, ಕೂಡಲೇ 4 ಡಿಗ್ರಿಗೆ ಇಳಿಸುತ್ತಾರೆ. ನಾಳೆ ಎಷ್ಟು ಪ್ಯಾಕೆಟ್ ಬೇಕೆಂದು ಏಜೆಂಟರು ಹಿಂದಿನ ದಿನವೇ ಇಂಡೆಂಟ್ ಹಾಕಿರುತ್ತಾರೆ. ಆ ಲೆಕ್ಕದ ಮೇಲೆ ಪ್ಯಾಕೆಟ್ ಹಾಲಿಗೆ ಇಷ್ಟು, ಮೊಸರಿಗೆ ಇಷ್ಟು, ಬೆಣ್ಣೆ ತುಪ್ಪಕ್ಕೆ ಇಷ್ಟು ಎಂದು ಪಾಲು ಮಾಡುತ್ತಾರೆ. ಬೇಗ ಕೆಡುವುದಕ್ಕೆ ಮೊದಲ ಸರದಿ, ತಡೆಯುವುದಕ್ಕೆ ಆಮೇಲಿನ ಸರದಿ. ಎಲ್ಲಕ್ಕೂ ಮಿಕ್ಕದ್ದು ಪುಡಿಗೆ. ಒಂದೊಂದು ತಂಡವಾಗಿ ತಯಾರಾಗುವ ಮಾಲಿಗೆ ಬ್ಯಾಚು ಎನ್ನುತ್ತಾರೆ. ಪ್ಯಾಕೆಟ್ಟಿನ ಮೇಲೆ ಬ್ಯಾಚ್ ನಂಬರು ಹಾಕುವುದು ಎಲ್ಲಿಯಾದರೂ ದೋಷ ಕಂಡರೆ ಅದು ಯಾವ ತಂಡದ ಮಾಲು ಎಂದು ಹಿಡಿಯುವುದಕ್ಕೆ. ಒಂದು ಬ್ಯಾಚ್ ಮುಗಿಸಿ ಇನ್ನೊಂದು ಬಗೆಯ ಮಾಲಿಗೆ ಹೋಗುವಾಗ ಕೊಳವೆ, ತೊಟ್ಟಿ ಎಲ್ಲ ತೊಳೆಯಬೇಕು, ಅದಕ್ಕೂ ಹೊತ್ತು ಬೇಕು. ರಾತ್ರಿಯೆಲ್ಲ ಪ್ಯಾಕೆಟ್ ತುಂಬಿ, ಕೋಳಿ ಕೂಗುವ ಮೊದಲೇ ವಾಹನಗಳು ಪಟ್ಟಣದ ಬೀದಿಗಳಿಗೆ ಹೊರಡಬೇಕು. ಇಂದು ಬೆಳಿಗ್ಗೆ ಪಟ್ಟಣದ ಮಗು ಕುಡಿಯುವುದು ನಾವು ನಿನ್ನೆಯೋ ಮೊನ್ನೆಯೋ ಕರೆದ ಹಾಲನ್ನು.

ಒಂದು ಸಂಘದ ಹಾಲು ಹುಳಿ ಬಂದಿದ್ದರೆ, ಪರೀಕ್ಷೆಯಲ್ಲಿ ತಪ್ಪಿಸಿಕೊಂಡು ಅದು ಟ್ಯಾಂಕರಿಗೆ ಸೇರಿದರೆ, ಇತರ ಸಂಘಗಳ ಹಾಲಿಗೂ ಕೇಡು. ಹನಿಹನಿಗೂಡಿ ಹಳ್ಳ ಎಂಬುದು ಒಳ್ಳೆಯದಕ್ಕೂ ನಿಜ, ಕೆಟ್ಟದ್ದಕ್ಕೂ ನಿಜ.

ನಮ್ಮ ಸಂಘದ ಗಡಿಯಾರ

ನಮ್ಮ ಸಂಘ ಶುರುವಾದಾಗ ಇದ್ದದ್ದು ಬಾಡಿಗೆಯ ಒಂದು ಕೋಣೆ, ನಾಲ್ಕಾರು ಕ್ಯಾನು, ಒಂದು ತಕ್ಕಡಿ, ಹಾಲು ಪರೀಕ್ಷೆಯ ಗಾಜಿನ ಸಾಮಾನು. ರೂಟ್ ಲಾರಿ ಎರಡು ಹೊತ್ತೂ ರಸ್ತೆಗೆ ಬರುತ್ತಿತ್ತು. ಲಾರಿ ನಮ್ಮ ಊರಿಗಾಗಿ ಬರುವುದಲ್ಲ, ಹಾದಿಯ ಎಲ್ಲ ಊರುಗಳಿಗಾಗಿ ಬರುವುದು. ಒಂದೊಂದು ಊರಿನಲ್ಲಿ ಐದೈದು ನಿಮಿಷ ತಡವಾದರೆ ಕೊನೆಯ ಊರಿನ ಹಾಲು ಒಂದು ಗಂಟೆ ಬಿಸಿಲಲ್ಲಿ ಕಾಯಬೇಕು. ಬಾಗಿಲು ಹಾಕುವ ಹೊತ್ತಿಗೆ ಓಡಿಬಂದವರು ನಮ್ಮ ಕಾರ್ಯದರ್ಶಿಯವರನ್ನು, "ಐದ್ ನಿಮಿಷಕ್ಕೆ ಏನಾಗೋಯ್ತದೆ ಅಣ್ಣಾ, ಹುಯ್ಕೊಳ್ಳಿ" ಎಂದು ಕೇಳುತ್ತಿದ್ದರು. ಅವರು, "ನಿಮ್ಮ ಐದು ನಿಮಿಷ ಮುಂದಿನೂರಿನೋರ ಹಾಲು ಕಣಕ್ಕಾ" ಎನ್ನುತ್ತಿದ್ದರು. ಈ ಮಾತು ಆಗ ಕೆಲವರಿಗೆ ಕಹಿಯಾಗಿತ್ತು.

ಒಂದು ಮಳೆಗಾಲದಲ್ಲಿ ಹಳ್ಳ ಬಂದು ರಸ್ತೆ ಕೊಚ್ಚಿಹೋಗಿ ಲಾರಿ ನಿಂತಿತು. ಸಾಯಂಕಾಲದ ಹಾಲು ಕ್ಯಾನುಗಳಲ್ಲೇ ರಾತ್ರಿ ಕಳೆಯಿತು. ತರುಣರು ಬಾವಿ ನೀರು ಸೇದಿ ಕ್ಯಾನುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು, ಎತ್ತಿನ ಗಾಡಿಯಲ್ಲಿ ಸುತ್ತುದಾರಿ ಹಿಡಿದು ಸಾಗಿಸಲು ನೋಡಿದರು. ಬೆಳಗಾಗುವಷ್ಟರಲ್ಲಿ ಬಹಳಷ್ಟು ಹಾಲು ಒಡೆದಿತ್ತು. ಯಾರನ್ನೂ ದೂರುವಂತಿರಲಿಲ್ಲ. ಆ ನಷ್ಟವನ್ನು ಆಡಳಿತ ಮಂಡಳಿ ಸಂಘದ ಲೆಕ್ಕಕ್ಕೆ ಹಾಕಿಕೊಂಡು, ಸದಸ್ಯರಿಗೆ ಬಟವಾಡೆ ದಿನ ಪೂರ್ತಿ ಹಣ ಕೊಟ್ಟಿತು. ಲಾಭ ಕಡಿಮೆಯಾಯಿತು, ಆದರೆ ಸಂಘ ಎಂದರೇನು ಎಂಬುದು ಆ ದಿವಸ ಊರಿಗೆ ತಿಳಿಯಿತು.

ಈಗ ನಮ್ಮಲ್ಲಿ ಬಿ.ಎಂ.ಸಿ., ಅಂದರೆ ಹಾಲನ್ನು ಇಲ್ಲಿಯೇ ತಂಪು ಮಾಡಿ ಇಡುವ ದೊಡ್ಡ ತೊಟ್ಟಿ ಬಂದಿದೆ. ಟ್ಯಾಂಕರು ಬಂದು ಒಟ್ಟಿಗೆ ತುಂಬಿಕೊಂಡು ಹೋಗುತ್ತದೆ. ಇದರಿಂದ ಹೊತ್ತಿನ ಬಿಗಿ ಸಡಿಲವಾಯಿತೆಂದು ಕೆಲವರು ತಿಳಿದಿದ್ದಾರೆ. ತೊಟ್ಟಿ ತಂಪು ಮಾಡಬಲ್ಲದೇ ಹೊರತು ಮನೆಯಲ್ಲಿ ಎರಡು ಗಂಟೆ ಬೆಚ್ಚಗೆ ಕೂತಿದ್ದ ಹಾಲನ್ನು ಮತ್ತೆ ಹೊಸದು ಮಾಡಲಾರದು. ಜೊತೆಗೆ, ತಂಪಾದ ಹಾಲಿಗೆ ತಡವಾಗಿ ಬಿಸಿ ಹಾಲು ಸುರಿದರೆ ಇಡೀ ತೊಟ್ಟಿಯ ಬಿಸಿ ಏರುತ್ತದೆ, ಕರೆಂಟು ಹೋದ ಹೊತ್ತಿನಲ್ಲಿ ಜನರೇಟರಿಗೆ ಡೀಸೆಲ್ಲು ಸುಡುತ್ತದೆ.

2020ರ ಪಾಠ

2020ರ ಮಾರ್ಚ್ 25ರಿಂದ ಕೊರೋನಾ ಕಾರಣ ದೇಶವೆಲ್ಲ ಬಾಗಿಲು ಹಾಕಿತು. ಹೋಟೆಲು, ಮದುವೆ, ಸಿಹಿ ಅಂಗಡಿ ಎಲ್ಲವೂ ನಿಂತವು. ಮಾರನೆಯ ದಿನವೇ, ಮಾರ್ಚ್ 26ರಂದು, ಆಂಧ್ರದ ರೇಣಿಗುಂಟದಿಂದ ದೆಹಲಿಗೆ 'ದೂಧ್ ದುರಂತೋ' ಎಂಬ ವಿಶೇಷ ಹಾಲಿನ ರೈಲು ಹೊರಟಿತು. ಒಂದೊಂದು ಟ್ಯಾಂಕರಿನಲ್ಲಿ 40 ಸಾವಿರ ಲೀಟರ್. ನಮ್ಮ ರಾಜ್ಯದಲ್ಲಿ ಮಿಕ್ಕ ಹಾಲನ್ನು ಪುಡಿ ಮಾಡಿದರು. ಸರ್ಕಾರ ಹಾಲು ಕೊಂಡು ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿತು.

ನಮ್ಮ ಊರಿನಲ್ಲಿ ಆಗ ನಡೆದದ್ದನ್ನು ದಾಖಲಿಸಬೇಕು. ಬೇಸಿಗೆಯಲ್ಲಿ ಹಾಲು ಕಡಿಮೆ, ಹೊರಗೆ ದರ ಜಾಸ್ತಿ. ಕೆಲವು ಸದಸ್ಯರು ಬೇಸಿಗೆಯಲ್ಲಿ ಸಂಘಕ್ಕೆ ಹಾಕದೆ ಖಾಸಗಿಯವರಿಗೆ ಹಾಕುವ ರೂಢಿ ಮಾಡಿಕೊಂಡಿದ್ದರು. ಬಾಗಿಲು ಬಂದ್ ಆದ ಮೇಲೆ ಖಾಸಗಿಯವರ ಬೈಕುಗಳು ಬರಲಿಲ್ಲ. ಅವರೆಲ್ಲ ಕ್ಯಾನು ಹಿಡಿದು ಸಂಘದ ಮುಂದೆ ನಿಂತರು. ಆಡಳಿತ ಮಂಡಳಿಯಲ್ಲಿ ಬಿಸಿ ಚರ್ಚೆಯಾಯಿತು. "ಕಷ್ಟಕಾಲದಾಗೆ ನಮ್ಮನ್ನ ಬಿಟ್ಟೋರು, ಈಗ ಯಾಕೆ ಬರಬೇಕು" ಎಂದರು ಕೆಲವರು. ಹಿರಿಯ ನಿರ್ದೇಶಕರೊಬ್ಬರು, "ಹಸುಗೇನು ಗೊತ್ತಪ್ಪಾ ಯಜಮಾನ ಯಾರಿಗೆ ಹಾಕ್ತಿದ್ದ ಅಂತ. ಹಾಲು ತಗೊಳ್ಳಿ, ಮಾತು ಆಮೇಲೆ ಆಡೋಣ" ಎಂದರು. ಹಾಲು ತೆಗೆದುಕೊಂಡೆವು. ಒಂದು ದಿನವೂ ಬಾಗಿಲು ಹಾಕಲಿಲ್ಲ.

ಆಡಬೇಕಾದ ಮಾತನ್ನು ಈಗ ಆಡುತ್ತೇವೆ. ಬೈಲಾದಲ್ಲಿ ವರ್ಷಕ್ಕೆ ಇಂತಿಷ್ಟು ಹಾಲು ಹಾಕಿದವರಿಗೆ ಮಾತ್ರ ಮತದ ಹಕ್ಕು ಎಂದು ಇರುವುದು ಯಾರನ್ನೋ ಹೊರಗಿಡುವುದಕ್ಕಲ್ಲ. ಹೆಚ್ಚು ಹಾಲಿನ ಕಾಲದಲ್ಲಿ ಸಂಘ ಬೇಡ ಎನ್ನಬಾರದು ಎಂಬುದು ಸಂಘದ ಕರ್ತವ್ಯವಾದರೆ, ಕಡಿಮೆ ಹಾಲಿನ ಕಾಲದಲ್ಲಿ ಸದಸ್ಯ ಕೈಬಿಡಬಾರದು ಎಂಬುದು ಸದಸ್ಯನ ಕರ್ತವ್ಯ. ಟ್ಯಾಂಕರಿನ ಬಾಡಿಗೆ, ಕರೆಂಟು, ಸಂಬಳ ಇವು ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ಅರ್ಧ ತುಂಬಿದ ತೊಟ್ಟಿಯ ಖರ್ಚು ಪೂರ್ತಿ ತುಂಬಿದ ತೊಟ್ಟಿಯಷ್ಟೇ. ಬೇಸಿಗೆಯಲ್ಲಿ ಹೊರಗೆ ಸಿಗುವ ಎರಡು ರೂಪಾಯಿ ಹೆಚ್ಚಿನ ದರವನ್ನು ನೋಡುವವರು, ಮಳೆಗಾಲದಲ್ಲಿ ಆ ಬೈಕು ಬರದ ದಿನ ಸುರಿಯಬೇಕಾದ ಹಾಲಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುಂದಿನ ಮಾತು

ಚರಿತ್ರೆ ಬರೆದು ಪಾಠ ಕಲಿಯದಿದ್ದರೆ ಬರೆದು ಪ್ರಯೋಜನವಿಲ್ಲ. ನಮ್ಮ ಸದಸ್ಯರಲ್ಲಿ ಮೂರು ವಿನಂತಿ. ಒಂದನೆಯದು, ಮನೆಯಲ್ಲಿ ಎರಡು ಮೂರು ಹಸು ಇದ್ದವರು ಎಲ್ಲವೂ ಒಂದೇ ಕಾಲಕ್ಕೆ ಕರು ಹಾಕದಂತೆ ಗರ್ಭಧಾರಣೆಯ ದಿನವನ್ನು ಬರೆದಿಟ್ಟು ಹೊಂದಿಸಿಕೊಳ್ಳಿ. ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರಬೇಕು. ಮನೆಯ ಬಟವಾಡೆಯೂ ಸಮವಾಗುತ್ತದೆ, ಸಂಘದ ತೊಟ್ಟಿಯೂ ಸಮವಾಗುತ್ತದೆ. ಎರಡನೆಯದು, ಮಳೆಗಾಲದ ಜೋಳದ ಹಸಿಮೇವನ್ನು ಗುಂಡಿಯಲ್ಲಿ ತುಂಬಿ ರಸಮೇವು ಮಾಡಿ ಬೇಸಿಗೆಗೆ ಇಟ್ಟುಕೊಳ್ಳಿ. ಡೇರಿಯವರು ಹಾಲನ್ನು ಪುಡಿ ಮಾಡಿ ಇಡುವಂತೆ ನಾವು ಮೇವನ್ನು ಇಡಬೇಕು. ಮೂರನೆಯದು, ಗಡಿಯಾರ ನೋಡಿ ಬನ್ನಿ.

ಸಮರಖಾದ ರೈತರು ಹದಿನೈದು ದಿವಸ ಹಾಲು ತಡೆದದ್ದು ಬರೀ ಎರಡು ಕಾಸು ಹೆಚ್ಚಿಗೆ ಸಿಗಲೆಂದಲ್ಲ. ತಮ್ಮ ಹಾಲು ಯಾವಾಗ ಹೊರಡಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ತಾವೇ ತೀರ್ಮಾನಿಸುವ ಹಕ್ಕಿಗಾಗಿ. ಆ ಹಕ್ಕು ಇಂದು ನಮ್ಮ ಕೈಯಲ್ಲಿದೆ. ಅದನ್ನು ಉಳಿಸಿಕೊಳ್ಳುವ ಕೆಲಸ ದಿನಕ್ಕೆ ಎರಡು ಸಲ, ಬೆಳಿಗ್ಗೆ ಆರೂವರೆಗೂ ಸಾಯಂಕಾಲ ಆರೂವರೆಗೂ, ನಮ್ಮ ಸಂಘದ ಬಾಗಿಲಲ್ಲಿ ನಡೆಯುತ್ತದೆ.

ಜೈ ಸಹಕಾರ.